ಹಕ್ಕಿ ತಲೆಯ ಗಂಡಸು, ಹಳೇಬೀಡಿನ ಮಕರ

ರಾತ್ರಿ ಹನ್ನೊಂದಕ್ಕೆ ಹಾಸನದ ನಮ್ಮ ಮನೆಯಲ್ಲಿ ಮೊಬೈಲ್ ತಿರುವುತ್ತಿದ್ದಾಗ ಮ್ಯಾಕ್ಸ್ ಅರ್ನ್ಸ್ಟ್‌ನ ಕೊಲಾಜ್ ಒಂದು ಕಣ್ಣಿಗೆ ಬಿತ್ತು. ಹಳೇ ಕಾದಂಬರಿಗಳ ಅಚ್ಚಿನ ಚಿತ್ರಗಳನ್ನು ಕತ್ತರಿಸಿ, ಅಂಟಿಸಿ, 1934ರಲ್ಲಿ ಇಂಥ 182 ಚಿತ್ರಗಳನ್ನು ಹೊರತಂದ ಸರ್ರಿಯಲಿಸ್ಟ್, ಅಂದರೆ ಕನಸಿನಂಥ ವಿಚಿತ್ರ ಚಿತ್ರಗಳ ಕಲಾವಿದ ಈತ. ಕೋಟು ತೊಟ್ಟ ಗಂಡಸು, ಕತ್ತಿನ ಮೇಲೆ ಹಕ್ಕಿ ತಲೆ. ಅಷ್ಟೇ. ರಕ್ತ ಇಲ್ಲ, ದೆವ್ವ ಇಲ್ಲ, ಆದರೂ ಮೈ ಜುಮ್ಮೆಂದು ಮೊಬೈಲ್ ಮಗುಚಿಟ್ಟೆ.

ಆಮೇಲೆ ನಗು ಬಂತು. ದಿನಾ ಗಣಪತಿಗೆ ಕೈ ಮುಗಿಯುವವನು ನಾನು! ಹಳೇಬೀಡಿನ ಗೋಡೆಯ ಮಕರಗಳನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಆನೆ ಸೊಂಡಿಲು, ಮೊಸಳೆ ಬಾಯಿ, ನವಿಲಿನ ಬಾಲ. ಒಂದು ದಿನವೂ ಹೆದರಿದ್ದಿಲ್ಲ.

ಹಾಗಾದರೆ ಆ ಹಕ್ಕಿ ತಲೆಗೆ ಮಾತ್ರ ಬೆಚ್ಚಿದ್ದು ಯಾಕೆ? ತಿಳಿಯೋಣ ಅಂತ ಸುಮ್ನೆ ಒಂದು ಪ್ರಯೋಗ ಮಾಡಿದೆ. ಪೇಪರಿನಲ್ಲಿ ನಗುತ್ತಿದ್ದ ನಟನೊಬ್ಬನ ಫೋಟೋದಿಂದ ಕಣ್ಣು, ಬಾಯಿ ಮಾತ್ರ ಕತ್ತರಿಸಿ, ತಲೆಕೆಳಗು ಮಾಡಿ ಅದೇ ಜಾಗಕ್ಕೆ ಅಂಟಿಸಿದೆ. ಎದುರಿಗೆ ರೊಟ್ಟಿ ತಿನ್ನುತ್ತಿದ್ದ ಅಮ್ಮನಿಗೆ ಇಡೀ ಮುಖ ಉಲ್ಟಾ ಕಾಣುತ್ತಿತ್ತು. "ಚೆನ್ನಾಗಿ ನಗ್ತಿದ್ದಾನೆ, ಯಾರೋ ಇವ್ನು?" ಅಂದಳು. ಹಾಳೆಯನ್ನು ಅವಳ ಕಡೆ ತಿರುಗಿಸಿದೆ. "ಥೂ, ತೆಗಿಯೋ ಅದನ್ನ!" ರೊಟ್ಟಿ ತಟ್ಟೆಗೆ ಬಿತ್ತು.

1980ರಲ್ಲಿ ಪೀಟರ್ ಥಾಂಪ್ಸನ್ ಎಂಬ ಬ್ರಿಟಿಷ್ ಮನೋವಿಜ್ಞಾನಿ ಆಗಿನ ಬ್ರಿಟನ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಫೋಟೋದಲ್ಲಿ ಇದನ್ನೇ ತೋರಿಸಿದ್ದ. ಮುಖವನ್ನು ನಮ್ಮ ಮಿದುಳು ಕಣ್ಣು ಬೇರೆ, ಮೂಗು ಬೇರೆ ಅಂತ ಓದುವುದು ಕಮ್ಮಿ. ಎಲ್ಲ ಸೇರಿಸಿ ಒಂದೇ ಏಟಿಗೆ ಹಿಡಿಯುತ್ತದೆ, ಅದೂ ಸುಮಾರು 0.17 ಸೆಕೆಂಡಿನಲ್ಲಿ. ಮುಖ ಉಲ್ಟಾ ಆದರೆ ಈ ಚಾಲಾಕಿ ನಡೆಯುವುದಿಲ್ಲ, ಎಡವಟ್ಟು ಗೊತ್ತೇ ಆಗುವುದಿಲ್ಲ. ನೆಟ್ಟಗಿದ್ದರೆ ಮಾತ್ರ "ಇದು ಮುಖ" ಅಂತ ಮೊದಲು ಒಪ್ಪಿ, ಮರುಕ್ಷಣವೇ ಬೆಚ್ಚುತ್ತದೆ.

ಅರ್ನ್ಸ್ಟ್ ಮಾಡಿದ್ದೂ ಇದೇ ಅಂತ ನನಗನ್ನಿಸುತ್ತದೆ. ಕೋಣೆ, ಕುರ್ಚಿ, ಪರದೆ ಎಲ್ಲ ಮಾಮೂಲಿ, ಗೆರೆಗಳೂ ಒಂದೇ ಥರದ ಅಚ್ಚಿನವು, ಅಂಟಿಸಿದ ಜಾಗ ಎಲ್ಲಿ ಅಂತ ಹುಡುಕಿದರೂ ಸಿಗುವುದಿಲ್ಲ. ನಂಬಿ ಒಳಗೆ ಹೋದ ಮೇಲೆ ತಲೆ ನೋಡಿ ಮುಗ್ಗರಿಸುತ್ತೀವಿ. ಮಕರ ಹಾಗಲ್ಲ. ಮೈತುಂಬ ಬಳ್ಳಿ ಕೆತ್ತಿಸಿಕೊಂಡು, ನಾನು ನಿಮ್ಮ ಲೋಕದವನಲ್ಲ ಅಂತ ದೂರದಿಂದಲೇ ಹೇಳಿಬಿಡುತ್ತದೆ. ಜೊತೆಗೆ ನೋಡಿ ನೋಡಿ ರೂಢಿಯಾಗಿದೆ, ಅದೇನು ಸಣ್ಣ ವಿಷಯ ಅಲ್ಲ; ಹೆದರಿಸುವ ಮುಖವನ್ನು ಮತ್ತೆ ಮತ್ತೆ ತೋರಿಸಿದರೆ ಹೆದರಿಕೆಗೆ ಸ್ಪಂದಿಸುವ ಮಿದುಳಿನ ಭಾಗ ಅಮಿಗ್ಡಲಾ ಕೂಡ ತಣ್ಣಗಾಗುತ್ತದೆ.

ಆ ನಟ ಈಗ ನಮ್ಮ ಫ್ರಿಜ್ ಬಾಗಿಲ ಮೇಲಿದ್ದಾನೆ. ಅಮ್ಮನೇ ಅಂಟಿಸಿದ್ದು, ತಲೆಕೆಳಗಾಗಿ.