ಬಿಳಿ ತಾರಸಿ ಬಾಳಿಕೆ ಬರಬೇಕೆಂದರೆ

ತಾರಸಿಗೆ ಬಿಸಿಲು ತಡೆಯುವ ಬಿಳಿ ಲೇಪನ ಬಳಿದರೆ ಕೋಣೆ ತಂಪಾಗುತ್ತದೆ, ಫ್ಯಾನು–ಎ.ಸಿ.ಗಳ ಮೇಲಿನ ಹೊರೆ ಇಳಿಯುತ್ತದೆ. ಒಳ್ಳೆಯ ಲೇಪನ ಹೊಸದರಲ್ಲಿ ಬಿಸಿಲಿನ ಶೇ. 80ರಷ್ಟನ್ನು ಹಿಂದಕ್ಕೆ ಕಳಿಸಬಲ್ಲದು. ಮಾಸಿದ ಕಾಂಕ್ರೀಟು ಕಳಿಸುವುದು ಶೇ. 20–30 ಮಾತ್ರ. ಆದರೆ ಡಬ್ಬಿಯ ಮೇಲಿನ ಈ ಲೆಕ್ಕ ತಾರಸಿಯಲ್ಲಿ ನಿಜವಾಗುವುದೂ ಬಿಡುವುದೂ ಬಳಿಯುವವರ ಕೈಯಲ್ಲಿದೆ. ಅವರಿಗೆ ಕಲಿಸುವಾಗ ಅಳೆಯುವುದನ್ನು ಮೊದಲು ಕಲಿಸಬೇಕು, ರೋಲರ್ ಎಳೆಯುವುದನ್ನು ಆಮೇಲೆ.

ಮೊದಲು ತೇವ. ಮೇಲ್ಮೈ ಒಣಗಿದಂತೆ ಕಂಡರೂ ಕಾಂಕ್ರೀಟಿನೊಳಗೆ ನೀರು ಇದ್ದೀತು. ಬಿಸಿಲೇರಿದಾಗ ಅದು ಆವಿಯಾಗಿ ಲೇಪನವನ್ನು ಕೆಳಗಿನಿಂದ ಒತ್ತುತ್ತದೆ. ಗುಳ್ಳೆ ಏಳುವುದು ಹಾಗೆ. ಸುಮಾರು ಅರ್ಧ ಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಕನಿಷ್ಠ 16 ಗಂಟೆ ಬಿಡಿ. ಎತ್ತಿದಾಗ ಒಳಮೈಯಲ್ಲಿ ಹನಿಗಳಿದ್ದರೆ, ಕಾಂಕ್ರೀಟು ಕಪ್ಪಾಗಿದ್ದರೆ ಡಬ್ಬಿ ತೆರೆಯಬೇಡಿ.

ಪಾಚಿ, ಸಡಿಲ ಗಾರೆಯನ್ನು ವೈರ್ ಬ್ರಷ್‌ನಿಂದ ಕೆರೆದು ತೊಳೆಯಬೇಕು, ಬಿರುಕು ತುಂಬಬೇಕು. ತಾರಸಿಯೂ ಪ್ಯಾರಪೆಟ್ಟೂ ಸೇರುವ ಮೂಲೆ ಬಿಸಿಲಿಗೆ ಹಿಗ್ಗಿ ಕುಗ್ಗುವುದರಿಂದ ಅಲ್ಲಿ ಲೇಪನದೊಳಗೆ ಬಲೆಬಟ್ಟೆ ಹುದುಗಿಸದಿದ್ದರೆ ಮತ್ತೆ ಸೀಳುತ್ತದೆ.

ಹೆಚ್ಚು ಹೊತ್ತು ಕಲಿಸಬೇಕಾದ್ದು ದಪ್ಪದ ಲೆಕ್ಕ. ಗೋಡೆಗೆ ಬಣ್ಣ ಬಳಿದು ಪಳಗಿದವರು ರೋಲರ್ ಹಗುರಾಗಿ ಓಡಲೆಂದು ನೀರು ಬೆರೆಸುತ್ತಾರೆ. ಅರ್ಧ ಪಾಲು ಘನಾಂಶ (ಒಣಗಿದ ಮೇಲೆ ಉಳಿಯುವ ಭಾಗ) ಇರುವ 1 ಲೀಟರ್ ಲೇಪನವನ್ನು 2 ಚದರ ಮೀಟರಿಗೆ ಬಳಿದರೆ ಹಸಿ ಪದರ 0.5 ಮಿ.ಮೀ., ಒಣಗಿದ ಮೇಲೆ 0.25. ಅದೇ ಲೀಟರಿಗೆ ನೀರು ಬೆರೆಸಿ 4 ಚದರ ಮೀಟರಿಗೆ ಎಳೆದರೆ ಒಣಗಿ ಉಳಿಯುವುದು 0.125 ಮಾತ್ರ. ಮೊದಲ ದಿನ ಕಣ್ಣಿಗೆ ಎರಡೂ ಬಿಳಿಯೇ! ತೆಳುವಾದದ್ದು ಬೇಗ ಸವೆದು ಕೆಳಗಿನ ಬೂದುಬಣ್ಣ ಇಣುಕುತ್ತದೆ. ಅದಕ್ಕೇ ಹಲ್ಲುಗಳಿರುವ ಪುಟ್ಟ ಅಳತೆಪಟ್ಟಿ ಪ್ರತಿ ಕೆಲಸಗಾರರ ಜೇಬಿನಲ್ಲಿರಬೇಕು. ಹಸಿ ಪದರಕ್ಕೆ ಅದನ್ನು ನೆಟ್ಟಗೆ ಒತ್ತಿ ತೆಗೆದಾಗ, ಲೇಪನ ತಾಗಿದ ಕೊನೆಯ ಹಲ್ಲಿನ ಅಂಕಿಯೇ ದಪ್ಪ. ಎರಡನೇ ಕೋಟ್ ಮೊದಲನೆಯದಕ್ಕೆ ಅಡ್ಡಲಾಗಿ ಬರಲಿ, ಮೊದಲನೆಯದು ಪೂರ್ತಿ ಒಣಗಿದ ಮೇಲೆ.

ನಡುಮಧ್ಯಾಹ್ನ ಬಳಿಯಬೇಡಿ: ಕಾದ ತಾರಸಿಯಲ್ಲಿ ಮೇಲೆ ಬೇಗ ಕೆನೆಗಟ್ಟಿ ಕೆಳಗೆ ಹಿಡಿತ ಸಿಗುವುದಿಲ್ಲ. ಬಿಳುಪಿನ ಪ್ರಖರತೆಗೆ ಕಪ್ಪು ಕನ್ನಡಕ ಬೇಕು, ಅಂಚಿನಲ್ಲಿ ಸುರಕ್ಷಾ ಬೆಲ್ಟ್ ಕಡ್ಡಾಯ.

ಧೂಳು ಕೂತಂತೆ ಪ್ರತಿಫಲನ ಇಳಿಯುತ್ತದೆ. ವರ್ಷಕ್ಕೊಮ್ಮೆಯಾದರೂ ಮೆತ್ತನೆಯ ಬ್ರಷ್, ಸೌಮ್ಯ ಸೋಪಿನ ನೀರಿನಿಂದ ತೊಳೆದರೆ ಬಹುಪಾಲು ಮರಳುತ್ತದೆ, ಆಸಿಡ್ ಮುಟ್ಟಿಸಬಾರದು. ನೀರು ಹೋಗುವ ಕೊಳವೆಯ ಬಾಯನ್ನೂ ಆಗಲೇ ನೋಡಿ. ಹಕ್ಕಳೆ ಎದ್ದಿದ್ದರೆ ಗಟ್ಟಿ ಅಂಚು ಸಿಗುವ ತನಕ ಕೆರೆದು, ತೇವ ಪರೀಕ್ಷಿಸಿಯೇ ತೇಪೆ ಬಳಿಯಿರಿ.