ಕೆರೆಗೆ ಬಂದ ಜಿಲೇಬಿ

ಕೋಲಾರ ಜಿಲ್ಲೆಗೆ ಸಮುದ್ರವಿಲ್ಲ ಎನ್ನುವವರು ನಮ್ಮ ಊರು, ಕೆರೆಗಳ ಹೆಸರು ಕೇಳಿಲ್ಲ. ಲಕ್ಷ್ಮೀಸಾಗರ, ರಾಮಸಾಗರ, ಕಾಮಸಮುದ್ರ, ಸೋಮಾಂಬುಧಿ. ಹೆಸರಿಟ್ಟವರ ಧೈರ್ಯವನ್ನು ಮೆಚ್ಚಬೇಕು. ಇಲ್ಲಿನ ಎಷ್ಟೋ ಕೆರೆಗಳ ಅಂಗಳದಲ್ಲಿ ವರ್ಷಗಟ್ಟಲೆ ಹುಡುಗರು ಕ್ರಿಕೆಟ್ ಆಡಿದ್ದಾರೆ.

ಅಂಡಮಾನಿನಲ್ಲಿ ಡೈವಿಂಗ್ ಮಾಡಿ ಬಂದ ತಮ್ಮನ ಮಗ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಮೈತುಂಬ ಕೆಂಪು ಬಿಳಿ ಪಟ್ಟೆ, ಬೀಸಣಿಗೆಯಂತೆ ಬಿಚ್ಚಿದ ರೆಕ್ಕೆ: ಸಿಂಹಮೀನು. “ಇದು ಹವಳದ ದಿಬ್ಬಗಳನ್ನೇ ಬರಿದು ಮಾಡುತ್ತದಂತೆ ದೊಡ್ಡಪ್ಪ” ಎಂದ. ಮಾತು ಅರ್ಧ ನಿಜ. ಅಂಡಮಾನು ಅದರ ತವರು. ಅಲ್ಲಿನ ಮೀನುಗಳು ಅದರೊಂದಿಗೆ ಬಾಳಿ ಬದುಕಿ ಪಳಗಿವೆ. ತಂಟೆ ಇರುವುದು ಭೂಮಿಯ ಆಚೆ ಬದಿಯ ಅಟ್ಲಾಂಟಿಕ್‌ನಲ್ಲಿ.

1985ರಲ್ಲಿ ಅಮೆರಿಕದ ಫ್ಲಾರಿಡಾ ಕರಾವಳಿಯಲ್ಲಿ ಅದು ಮೊದಲ ಬಾರಿಗೆ ಕಣ್ಣಿಗೆ ಬಿತ್ತು. ಗಾಜಿನ ತೊಟ್ಟಿಯಲ್ಲಿ ಸಾಕಿ ಬೇಸರವಾದ ಯಾರೋ ಸಮುದ್ರಕ್ಕೆ ಬಿಟ್ಟಿರಬೇಕೆಂಬುದು ಬಲವಾದ ಗುಮಾನಿ. ಹೆಣ್ಣೊಂದು ವರ್ಷಕ್ಕೆ ಇಪ್ಪತ್ತು ಲಕ್ಷದವರೆಗೆ ಮೊಟ್ಟೆಯಿಡಬಲ್ಲದು. ಮೈಮೇಲೆ ಹದಿನೆಂಟು ವಿಷದ ಮುಳ್ಳು. ಅದು ರೆಕ್ಕೆ ಹರಡಿ ಮೂಲೆಗೆ ಒತ್ತರಿಸುವಾಗ, ಅಂಥದ್ದನ್ನು ಕಂಡೇ ಇರದ ಅಲ್ಲಿನ ಮರಿಮೀನುಗಳು ಓಡುವುದನ್ನೂ ಕಲಿತಿರಲಿಲ್ಲ. ಬಹಾಮಾಸ್‌ನ ಸಣ್ಣ ಹವಳ ದಿಬ್ಬಗಳಲ್ಲಿ ನಡೆಸಿದ, 2008ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಸಿಂಹಮೀನಿದ್ದ ಕಡೆ ಹೊಸದಾಗಿ ಬಂದು ನೆಲೆಸುವ ಮರಿಗಳ ಪ್ರಮಾಣ ಐದೇ ವಾರದಲ್ಲಿ ಸರಾಸರಿ ಶೇ. 79ರಷ್ಟು ಕುಸಿದಿತ್ತು. ಈಗ ಅಲ್ಲಿನ ಡೈವರ್‌ಗಳು ಈಟಿ ಹಿಡಿದು ಇಳಿಯುತ್ತಾರೆ, ಬೇಟೆಯ ಪಂದ್ಯ ನಡೆಸುತ್ತಾರೆ, ಹಿಡಿದದ್ದನ್ನು ಹುರಿದು ತಿನ್ನುತ್ತಾರೆ. ಆದರೆ ಹವ್ಯಾಸಿ ಡೈವರ್ ಸುಮಾರು ನಲವತ್ತು ಮೀಟರ್‌ಗಿಂತ ಕೆಳಗೆ ಹೋಗುವಂತಿಲ್ಲ. ಮೀನು ಮುನ್ನೂರು ಮೀಟರ್ ಆಳದಲ್ಲೂ ಇದೆ.

ನಮ್ಮ ಕೆರೆಯ ನೀರಿನಲ್ಲಿ ಮೊಣಕೈವರೆಗೆ ಕೈ ಅದ್ದಿದರೆ ಬೆರಳು ಕಾಣುವುದಿಲ್ಲ. ಇಲ್ಲಿ ಮುಳುಗಿ ನೋಡುವವರು ಯಾರು? ಒಳಗೆ ಏನಿದೆ ಎನ್ನುವುದು ಪಾಶುವಾರು, ಅಂದರೆ ಮೀನು ಹಿಡಿಯುವ ಗುತ್ತಿಗೆ, ಹಿಡಿದವರು ಬಲೆ ಎಳೆದ ದಿನವೇ ತಿಳಿಯಬೇಕು. ಆಗ ರಾಶಿಯಲ್ಲಿ ಎದ್ದು ಕಾಣುವುದು ಜಿಲೇಬಿ. ಸಿಹಿತಿಂಡಿಗೂ ಇದಕ್ಕೂ ಸಂಬಂಧವಿಲ್ಲ. ಟಿಲಾಪಿಯಾ ಎಂಬ ಹೆಸರು ನಾಲಿಗೆಯಲ್ಲಿ ಉರುಳಿ ಹಾಗಾಗಿದೆ. ಆಫ್ರಿಕಾದ ಈ ಮೀನು 1952ರಲ್ಲಿ ಶ್ರೀಲಂಕಾದಿಂದ ಭಾರತಕ್ಕೆ ಬಂತು, ಬಡವರ ತಟ್ಟೆಗೆ ಅಗ್ಗದ ಮೀನು ಸಿಗಲೆಂದು. ಮೂರು ತಿಂಗಳಾಗುವ ಹೊತ್ತಿಗೆ ತಾಯಾಗಲು ಸಿದ್ಧ. ಮೊಟ್ಟೆಗಳನ್ನು ತಾಯಿ ಬಾಯಲ್ಲಿಟ್ಟುಕೊಂಡು ಮರಿ ಮಾಡುತ್ತದೆ, ಅಪಾಯ ಕಂಡರೆ ಮರಿಗಳನ್ನೂ ಬಾಯೊಳಗೆ ಕರೆದುಕೊಳ್ಳುತ್ತದೆ. ಇಂಥ ತಾಯ್ತನಕ್ಕೆ ಕೈಮುಗಿಯಬೇಕು. ಫಲ ಮಾತ್ರ ಕೆರೆ ತುಂಬ ಅಂಗೈಯಷ್ಟೂ ಬೆಳೆಯದ ಮೀನು. ಜಾಗ, ಆಹಾರ ಎರಡನ್ನೂ ಅವೇ ಹಂಚಿಕೊಂಡುಬಿಡುತ್ತವೆ.

ಇಷ್ಟಾದರೂ ಅವು ನಮ್ಮ ಕೆರೆಗಳನ್ನು ಪೂರ್ತಿ ಗೆದ್ದಿರಲಿಲ್ಲ. ನಮ್ಮಲ್ಲಿ ಈಟಿ ಹಿಡಿದು ಇಳಿಯುತ್ತಿದ್ದದ್ದು ಬರ ಎಂದು ನನಗೆ ಅನ್ನಿಸುತ್ತದೆ. ನೀರು ಇಂಗಿ ಮಣ್ಣು ಬಿರಿದರೆ ಜಿಲೇಬಿ ಸಾಯಲೇಬೇಕು, ಅದಕ್ಕೆ ಗಾಳಿಯಲ್ಲಿ ಉಸಿರಾಡಲು ಬಾರದು. ನಮ್ಮ ಕೊರಮೀನಿಗೆ ಬರುತ್ತದೆ. ತಲೆಯೊಳಗಿನ ಸಣ್ಣ ಗೂಡಿನಲ್ಲಿ ಗಾಳಿ ತುಂಬಿಕೊಂಡು, ಕೆಸರಿನಲ್ಲಿ ಹುದುಗಿ, ಮೈ ತೇವವಿರುವಷ್ಟು ದಿನ ಮಳೆಗೆ ಕಾಯುತ್ತದೆ. ನಾಲ್ಕೈದು ವರ್ಷ ಸತತ ಬರ ಬಂದರೆ ಅದರ ಆಟವೂ ಮುಗಿಯುತ್ತದೆ, ಆ ಮಾತು ಬೇರೆ. ಆದರೆ ಒಂದು ಬೇಸಿಗೆಯ ಲೆಕ್ಕದಲ್ಲಿ ಒಣಗುವ ಕೆರೆ ನಾಡಮೀನಿನ ಪಕ್ಷಪಾತಿ.

2018ರಲ್ಲಿ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ನೀರು ಲಕ್ಷ್ಮೀಸಾಗರಕ್ಕೆ ಬಂತು. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಮೊದಲ ಹಂತದ ಗುರಿಯೇ 126 ಕೆರೆ. ಒಂದು ಕೆರೆ ಕೋಡಿ ಬಿದ್ದು ಮುಂದಿನದಕ್ಕೆ ಹರಿಯುತ್ತದೆ, ನೀರಿನೊಡನೆ ಮೀನೂ ಹೋಗುತ್ತದೆ. ನೀರಿನ ಗುಣಮಟ್ಟದ ಜಗಳ ಇಲ್ಲಿ ಬೇಡ. ಸಾವಿರ ಅಡಿ ಕೊಳವೆಬಾವಿ ಕೊರೆಸಿ ಧೂಳು ಕಂಡ ಊರಿನವನು ನಾನು, ನೀರು ಬಂದದ್ದಕ್ಕೆ ಮುಖ ಸಿಂಡರಿಸಲಾರೆ. ಆದರೆ ವರ್ಷವಿಡೀ ತುಂಬಿರುವ ಕೆರೆಯಲ್ಲಿ ಬರದ ಈಟಿಗೆ ಕೆಲಸವಿಲ್ಲ.

ಇನ್ನು ಆಫ್ರಿಕನ್ ಕ್ಯಾಟ್‌ಫಿಶ್‌ಗೆ ಆ ಈಟಿಯೂ ಸುಲಭಕ್ಕೆ ನಾಟದು, ಅದೂ ಗಾಳಿ ಕುಡಿಯುವ ಜಾತಿ. ಮೀಟರಿಗೂ ಉದ್ದ ಬೆಳೆದು ಸಿಕ್ಕಿದ್ದನ್ನೆಲ್ಲ ನುಂಗುತ್ತದೆ. ಅದರ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದೆ. ಕದ್ದು ಸಾಕಿದ ಹೊಂಡಗಳಿಗೆ ಮಣ್ಣು ಮುಚ್ಚಿಸಿದ ಸುದ್ದಿ ಇಂದಿಗೂ ಬರುತ್ತದೆ.

ಹೊರಗಿನದೆಲ್ಲ ಕೆಟ್ಟದ್ದೆಂದು ಹೊರಟರೆ ನಮ್ಮ ಊಟದ ತಟ್ಟೆಯೇ ಖಾಲಿಯಾದೀತು. ಇಲಾಖೆಯವರು ಕೆರೆಗೆ ಬಿಡುವ ಕಾಟ್ಲಾ, ರೋಹು ಗಂಗೆಯ ಬಯಲಿನವು. 1957ರಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿಯವರು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಇಂಥ ಗೆಂಡೆ ಮೀನುಗಳಿಂದ ಮೊಟ್ಟೆ ಇಡಿಸಿದ ಮೇಲೆಯೇ ದೇಶದ ಕೆರೆಗಳಿಗೆ ಮರಿ ಧಾರಾಳವಾಗಿ ಸಿಕ್ಕಿದ್ದು. ನಿಂತ ನೀರಿನಲ್ಲಿ ಅವು ತಾವಾಗಿ ಮರಿ ಮಾಡುವುದಿಲ್ಲ, ಬಿಟ್ಟಷ್ಟೇ ಇರುತ್ತವೆ. ಜಿಲೇಬಿಗೂ ಅವಕ್ಕೂ ಇರುವ ವ್ಯತ್ಯಾಸ ಅದೇ.

ಮೊನ್ನೆ ಏರಿಯ ಮೇಲೆ ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರ ಬುಟ್ಟಿಗೆ ಇಣುಕಿದೆ. ಮುಕ್ಕಾಲು ಪಾಲು ಜಿಲೇಬಿ, ಮಿಕ್ಕದ್ದು ಕಾಟ್ಲಾ. ಕೊರಮೀನು ಬೀಳಲಿಲ್ಲವೇ ಎಂದು ಕೇಳಿದೆ.

“ಒಂದು ಬಿದ್ದಿತ್ತು ಸ್ವಾಮಿ” ಎಂದರು, “ಆಗಲೇ ಮನೆಗೆ ಕಳಿಸಿಬಿಟ್ಟೆ.”