ಲಿಂಕ್ಡ್‌ಇನ್‌ನಿಂದ ಫ್ರೀಲಾನ್ಸ್ ಕೆಲಸ ಸಿಗುತ್ತಾ?

ಪ್ರಶ್ನೆ: ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಹತ್ತು ವರ್ಷ ಟೆಕ್ನಿಕಲ್ ರೈಟರ್ ಆಗಿದ್ದೆ, ಅಂದರೆ ಸಾಫ್ಟ್‌ವೇರ್ ಬಳಕೆಯ ಕೈಪಿಡಿ ಬರೆಯುವ ಕೆಲಸ. ಈಗ ನೌಕರಿ ಬಿಟ್ಟು ಕಾಂಟ್ರಾಕ್ಟ್ ಮೇಲೆ ಸ್ವಂತವಾಗಿ ಕೆಲಸ ಮಾಡ್ತಿದ್ದೀನಿ. ಎಲ್ಲರೂ ಲಿಂಕ್ಡ್‌ಇನ್‌ನಲ್ಲಿ ಆಕ್ಟಿವ್ ಆಗಿರಿ ಅಂತಾರೆ. ತಿಂಗಳುಗಟ್ಟಲೆ ಇದ್ದರೂ ಒಂದು ಕೆಲಸವೂ ಬಂದಿಲ್ಲ. ಇದರಿಂದ ನಿಜವಾಗಿ ಯಾರಿಗಾದರೂ ಕೆಲಸ ಸಿಗುತ್ತಾ?

ಸಿಗುತ್ತೆ. ಆದರೆ ಹೆಚ್ಚಿನವರು ಕಾಯುತ್ತಾ ಕೂತಿರುವ ಕಡೆಯಿಂದ ಬರಲ್ಲ.

ಜಾಬ್ಸ್ ಟ್ಯಾಬ್ ತೆರೆಯೋದು, ಈಸಿ ಅಪ್ಲೈ ಒತ್ತೋದು, ಮುಂದಿನದಕ್ಕೂ ಒತ್ತೋದು. ನೀವೂ ಇದನ್ನೇ ಮಾಡ್ತಿರಬಹುದು. ಆ ಜಾಗ ಇರುವುದೇ ಬಹುಪಾಲು ಸಂಬಳದ ನೌಕರಿಗೆ. ಫ್ರೀಲಾನ್ಸ್ ಕೆಲಸ ಹುಟ್ಟುವ ರೀತಿ ಬೇರೆ. ಮುಂದಿನ ತಿಂಗಳು ಪ್ರಾಡಕ್ಟ್ ರಿಲೀಸ್ ಇದೆ, ಯೂಸರ್ ಗೈಡ್ ಬರೆಯುತ್ತಿದ್ದವರು ಹೆರಿಗೆ ರಜೆಗೆ ಹೋಗಿದ್ದಾರೆ, ಹೊಸ ಹುದ್ದೆಗೆ ಮಂಜೂರಾತಿ ಕೇಳುತ್ತಾ ಕೂರಲು ಮ್ಯಾನೇಜರ್‌ಗೆ ಸಮಯವಿಲ್ಲ. ಅವರು ಜಾಹೀರಾತು ಹಾಕಲ್ಲ. ಪಕ್ಕದ ಟೀಮಿನವರನ್ನ ಕೇಳ್ತಾರೆ: "ಎರಡು ತಿಂಗಳಿಗೆ ಯಾರಾದ್ರೂ ಇದ್ದಾರಾ?" ಯಾರೋ ಒಂದು ಹೆಸರು ಹೇಳ್ತಾರೆ. ಲಿಂಕ್ಡ್‌ಇನ್ ತೆರೆಯುವುದು ಆಮೇಲೆ, ಈ ಮನುಷ್ಯ ಯಾರು, ಏನು ಮಾಡಿದ್ದಾರೆ, ನಮಗೆ ಆಗ್ತಾರಾ ಅಂತ ನೋಡೋಕೆ. ಮೊದಲು ಹೆಸರು, ಆಮೇಲೆ ಪ್ರೊಫೈಲ್. ಹಾಗಾಗಿ ನಿಮ್ಮ ಶ್ರಮ ಹೋಗಬೇಕಾದ್ದು ಆ ಹೆಸರು ಹೇಳುವವರ ಕಡೆಗೆ.

ಹೆಸರು ಹೇಳುವವರು ಯಾರು? ನಿಮ್ಮ ಆಪ್ತ ಸ್ನೇಹಿತರು ಅಂದುಕೊಂಡಿದ್ದರೆ, ಸಾಮಾನ್ಯವಾಗಿ ಅವರಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಬಾಸ್ಟನ್ ಹತ್ತಿರದ ಊರೊಂದರಲ್ಲಿ, ಪರಿಚಯದ ಮೂಲಕ ಕೆಲಸ ಬದಲಿಸಿದವರನ್ನು ಮಾತಾಡಿಸಿ 1973ರಲ್ಲಿ ಒಂದು ಲೇಖನ ಬರೆದರು. ಕೆಲಸದ ಸುದ್ದಿ ಕೊಟ್ಟವರು ಹೆಚ್ಚಾಗಿ ಆಗೊಮ್ಮೆ ಈಗೊಮ್ಮೆ ಸಿಗುವವರೇ, ಹಳೇ ಆಫೀಸಿನವರು, ಸಂಪರ್ಕ ತಪ್ಪಿಹೋದವರು. ಕಾರಣ ಸರಳ. ನಿಮ್ಮ ಆಪ್ತರಿಗೆ ಗೊತ್ತಿರುವ ಸುದ್ದಿ ನಿಮಗೂ ಗೊತ್ತಿರುತ್ತೆ. ಅರೆಬರೆ ಪರಿಚಯದವರು ಬೇರೆ ಕಂಪನಿ, ಬೇರೆ ಬಳಗದಲ್ಲಿರುತ್ತಾರೆ, ಅಲ್ಲಿನ ಸುದ್ದಿ ನಿಮ್ಮ ಕಿವಿಗೆ ಬೀಳುವುದು ಅವರಿಂದಲೇ. 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಇನ್ನೊಂದು ಅಧ್ಯಯನ ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಮಾಹಿತಿ ಇಟ್ಟುಕೊಂಡು ಇದನ್ನೇ ಪರೀಕ್ಷಿಸಿತು. ತೀರಾ ಹತ್ತಿರದವರಿಗಿಂತ ಸ್ವಲ್ಪ ದೂರದ ಪರಿಚಯಗಳೇ ಕೆಲಸ ಬದಲಿಸಲು ಜಾಸ್ತಿ ನೆರವಾಗಿದ್ದವು, ಆದರೆ ಪರಿಚಯವೇ ಇಲ್ಲದಂಥವರೂ ಅಷ್ಟು ಪ್ರಯೋಜನಕ್ಕೆ ಬಂದಿರಲಿಲ್ಲ. ಇವೆರಡೂ ನೌಕರಿಯ ಬಗ್ಗೆ ನಡೆದ ಅಧ್ಯಯನಗಳು ನಿಜ. ಆದರೆ ಸುದ್ದಿ ಹರಿಯುವ ದಾರಿ ಕಾಂಟ್ರಾಕ್ಟ್ ಕೆಲಸಕ್ಕೂ ಇದೇ.

ಈಗ ನಿಮ್ಮ ವಿಷಯಕ್ಕೆ ಬನ್ನಿ. ಹತ್ತು ವರ್ಷ ಕೆಲಸ ಮಾಡಿದ್ದೀರಿ ಅಂದರೆ ನಿಮ್ಮ ಡಾಕ್ಯುಮೆಂಟ್ ಓದಿದ, ತಿದ್ದಿದ, ನಿಮ್ಮ ಜೊತೆ ರಿಲೀಸ್ ರಾತ್ರಿ ಕೂತ ಡೆವಲಪರ್‌ಗಳು, ಟೆಸ್ಟರ್‌ಗಳು, ಪ್ರಾಡಕ್ಟ್ ಮ್ಯಾನೇಜರ್‌ಗಳು ಎಷ್ಟು ಜನ ಇದ್ದಾರೆ! ಅವರಲ್ಲಿ ಅರ್ಧ ಜನ ಕಂಪನಿ ಬದಲಿಸಿದ್ದಾರೆ, ಕೆಲವರು ಮ್ಯಾನೇಜರ್ ಆಗಿದ್ದಾರೆ, ಕೆಲವರು ಸ್ಟಾರ್ಟಪ್ ಸೇರಿದ್ದಾರೆ. ಲಿಂಕ್ಡ್‌ಇನ್‌ನ ಅಸಲಿ ಉಪಯೋಗ ಇಲ್ಲಿದೆ. ಅವರೆಲ್ಲ ಈಗ ಎಲ್ಲಿದ್ದಾರೆ ಅನ್ನೋದು ಅವರ ಫೋನ್ ನಂಬರ್ ನಿಮ್ಮ ಹತ್ತಿರ ಇಲ್ಲದಿದ್ದರೂ ಅಲ್ಲಿ ಕಾಣುತ್ತೆ. ಗುರುತಿಲ್ಲದ ಐನೂರು ಜನರಿಗೆ ರಿಕ್ವೆಸ್ಟ್ ಕಳಿಸೋದು ಬಿಡಿ. ಇವರನ್ನ ಒಬ್ಬೊಬ್ಬರಾಗಿ ಹುಡುಕಿ, ಪ್ರತಿಯೊಬ್ಬರಿಗೂ ಬೇರೆಯಾಗಿ ಬರೆಯಿರಿ. ಹೀಗೆ:

"ನಮಸ್ಕಾರ ಸರ್. 2017ರಲ್ಲಿ ಪೇಮೆಂಟ್ಸ್ ಪ್ರಾಜೆಕ್ಟಿಗೆ ನಿಮ್ಮ ಟೀಮಿನ ಎಪಿಐ ಗೈಡ್ ಬರೆದಿದ್ದೆ. ಈಗ ಅದೇ ಕೆಲಸವನ್ನ ಸ್ವಂತವಾಗಿ ಮಾಡ್ತಿದ್ದೀನಿ. ರಿಲೀಸ್ ಸಮಯದಲ್ಲಿ ಒಂದೆರಡು ತಿಂಗಳಿಗೆ ಜನ ಬೇಕಾದರೆ ನನ್ನನ್ನ ನೆನಪಿಸಿಕೊಳ್ಳಿ. ಇತ್ತೀಚೆಗೆ ಮಾಡಿದ ಒಂದು ಕೆಲಸದ ಲಿಂಕ್ ಕಳಿಸಿದ್ದೀನಿ."

ಅಷ್ಟೇ. ಕೆಲಸ ಕೊಡಿ ಅಂತ ಕೇಳಿಲ್ಲ, ಆದರೆ ಏನು ಮಾಡ್ತೀರಿ, ಯಾವಾಗ ಬೇಕಾಗ್ತೀರಿ ಅನ್ನೋದು ಅವರ ತಲೆಯಲ್ಲಿ ಉಳಿಯುತ್ತೆ. ಎಲ್ಲರೂ ಉತ್ತರ ಕೊಡಲ್ಲ. ಕೆಲವರು ನಾಲ್ಕು ತಿಂಗಳು ಕಳೆದ ಮೇಲೆ, ಅಗತ್ಯ ಬಿದ್ದಾಗ, ಆ ಮೆಸೇಜನ್ನೇ ಹುಡುಕಿ ಬರ್ತಾರೆ.

ಲಿಂಕ್ ಕಳಿಸೋಕೆ ನನ್ನ ಹತ್ತಿರ ಏನೂ ಇಲ್ಲವಲ್ಲ, ಎಲ್ಲ ಕಂಪನಿಯ ಗುಟ್ಟಿನ ಕೆಲಸ, ಹೊರಗೆ ತೋರಿಸಲ್ಲ ಅಂತ ಸಹಿ ಹಾಕಿದ ಒಪ್ಪಂದ (ಎನ್‌ಡಿಎ) ಇದೆ ಅಂತೀರಾ? ಟೆಕ್ನಿಕಲ್ ರೈಟರ್‌ಗಳ ದೊಡ್ಡ ತೊಡಕೇ ಇದು. ಯಾವುದಾದರೂ ಓಪನ್ ಸೋರ್ಸ್ ಪ್ರಾಜೆಕ್ಟ್, ಅಂದರೆ ಕೋಡ್ ಎಲ್ಲರಿಗೂ ತೆರೆದಿಟ್ಟ ಸಾಫ್ಟ್‌ವೇರ್, ತಗೊಳ್ಳಿ. ಅವುಗಳಲ್ಲಿ ಬಹಳಷ್ಟಕ್ಕೆ ಇನ್‌ಸ್ಟಾಲ್ ಮಾಡುವ ವಿಧಾನವೇ ಸರಿಯಾಗಿ ಬರೆದಿರಲ್ಲ. ಒಂದು ಅಧ್ಯಾಯ ಚೆನ್ನಾಗಿ ಬರೆದು, ಇಂಥ ಪ್ರಾಜೆಕ್ಟ್‌ಗಳನ್ನು ಇಡುವ ತಾಣ ಗಿಟ್‌ಹಬ್‌ಗೆ ಹಾಕಿ. ಯಾರ ಅಪ್ಪಣೆಯೂ ಇಲ್ಲದೆ ತೋರಿಸಬಹುದಾದ ಕೆಲಸ ನಿಮಗೆ ಸಿಕ್ಕಿತು.

ಪ್ರೊಫೈಲ್ ವಿಷಯ. ಹೆಸರಿನ ಕೆಳಗಿನ ಒಂದು ಸಾಲು, ಹೆಡ್‌ಲೈನ್, ಇದೆಯಲ್ಲ, ಸರ್ಚ್ ಮಾಡಿದಾಗ ಜನ ಮೊದಲು ಓದುವುದು ಅದನ್ನೇ. ಅಲ್ಲಿ "ಅನುಭವಿ ವೃತ್ತಿಪರ, ಹೊಸ ಅವಕಾಶಗಳ ಹುಡುಕಾಟದಲ್ಲಿ" ಅಂತ ಬರೆದರೆ ಓದಿದವರಿಗೆ ಏನೂ ತಿಳಿಯಲ್ಲ. "ಫಿನ್‌ಟೆಕ್ ಕಂಪನಿಗಳಿಗೆ ಎಪಿಐ ಡಾಕ್ಯುಮೆಂಟೇಶನ್ ಬರೆಯುವ ಫ್ರೀಲಾನ್ಸ್ ಟೆಕ್ನಿಕಲ್ ರೈಟರ್, ಬೆಂಗಳೂರು" ಅಂತ ಬರೆದರೆ ಎಲ್ಲ ತಿಳಿಯುತ್ತೆ, ಸರ್ಚ್‌ನಲ್ಲೂ ಸಿಗ್ತೀರಿ. ಇಂಗ್ಲಿಷ್‌ನಲ್ಲೇ ಬರೆಯಿರಿ, ಹುಡುಕುವವರು ಹುಡುಕೋದು ಇಂಗ್ಲಿಷ್ ಪದಗಳಿಂದ. ಪ್ರೊಫೈಲ್ ಫೋಟೋ ಸುತ್ತ ಹಾಕಿಕೊಳ್ಳುವ ಹಸಿರು ಬಣ್ಣದ "ಓಪನ್ ಟು ವರ್ಕ್" ಪಟ್ಟಿ ನೌಕರಿ ಹುಡುಕುವವರಿಗೆ ಸರಿ, ನಿಮಗೆ ಬೇಡ. ಅದನ್ನು ನೋಡಿ ಫುಲ್ ಟೈಮ್ ಕೆಲಸಕ್ಕೆ ಕರೆಯುವವರೇ ಜಾಸ್ತಿ. ಅದರ ಬದಲು ಸೇವೆ ಕೊಡ್ತೀನಿ ಅಂತ ತೋರಿಸುವ ಸರ್ವೀಸಸ್ ವಿಭಾಗ ಇದೆ, ಅದನ್ನ ತುಂಬಿ. ಹಳೇ ಮ್ಯಾನೇಜರ್ ಒಬ್ಬರಿಂದ ನಾಲ್ಕು ಸಾಲಿನ ರೆಕಮೆಂಡೇಶನ್ ಬರೆಸಿಕೊಳ್ಳಿ. ಕೇಳೋಕೆ ಸಂಕೋಚ ಬೇಡ, ಯಾವ ಪ್ರಾಜೆಕ್ಟ್ ಬಗ್ಗೆ ಬರೆದರೆ ನಿಮಗೆ ಉಪಯೋಗ ಅಂತಲೂ ಹೇಳಿ.

ದಿನಾ ಪೋಸ್ಟ್ ಹಾಕಬೇಕಾ? ನನ್ನ ಪ್ರಕಾರ ಬೇಡ. ನಿಮ್ಮ ಕೆಲಸದ ಒಂದು ಸಣ್ಣ ಸಮಸ್ಯೆಯನ್ನು ಹೇಗೆ ಬಿಡಿಸಿದಿರಿ ಅಂತ ತಿಂಗಳಿಗೆ ಎರಡು ಸಲ ಬರೆದರೂ ಸಾಕು. ಲೈಕ್ ಕಡಿಮೆ ಬರುತ್ತೆ, ಬರಲಿ. ನೀವಿನ್ನೂ ಈ ಕಸುಬಿನಲ್ಲಿದ್ದೀರಿ ಅಂತ ಹಳಬರಿಗೆ ಗೊತ್ತಾಗಬೇಕು, ಅಷ್ಟೇ.

ಎಲ್ಲ ಕಸುಬಿಗೂ ಇದು ಹೊಂದಲ್ಲ ಅಂತಲೂ ಹೇಳಬೇಕು. ಮನೆ ಕಟ್ಟುವ ಕಾಂಟ್ರಾಕ್ಟರ್, ಎಲೆಕ್ಟ್ರಿಷಿಯನ್, ಮರಗೆಲಸದವರಿಗೆ ಲಿಂಕ್ಡ್‌ಇನ್‌ಗಿಂತ ಬಡಾವಣೆಯ ವಾಟ್ಸ್‌ಆ್ಯಪ್ ಗ್ರೂಪು, ಹಾರ್ಡ್‌ವೇರ್ ಅಂಗಡಿಯವರ ಬಾಯಿಮಾತು ಎಷ್ಟೋ ಮೇಲು. ಕನ್ನಡ ಅನುವಾದಕರಿಗೆ ನಾನು ಮೊದಲು ಹೇಳುವ ಜಾಗ ಪ್ರೋಝ್ ಡಾಟ್ ಕಾಮ್. 1999ರಿಂದ ಇರುವ, ಅನುವಾದಕರದ್ದೇ ತಾಣ. ಅಲ್ಲಿನ ಬ್ಲೂ ಬೋರ್ಡ್‌ನಲ್ಲಿ ಅನುವಾದಕರು ಏಜೆನ್ಸಿಗಳಿಗೆ, ಮತ್ತೆ ಇವರ ಕೆಲಸ ಮಾಡ್ತೀವಾ ಅನ್ನೋ ಲೆಕ್ಕದಲ್ಲಿ ಐದಕ್ಕೆ ಅಂಕ ಕೊಡುತ್ತಾರೆ. ಹೊಸ ಏಜೆನ್ಸಿಯಿಂದ ಮೇಲ್ ಬಂದ ಕೂಡಲೇ ಅಲ್ಲಿ ಹೋಗಿ ನೋಡಿ. ಇನ್ನು ಅಪ್‌ವರ್ಕ್, ಫೈವರ್ ಅನ್ನುವ ಫ್ರೀಲಾನ್ಸ್ ತಾಣಗಳು ಬೇರೆ ಜಾತಿಯವು. ಅಲ್ಲಿ ಕೆಲಸ ಮಾಡುವವರನ್ನ ಹುಡುಕಿಕೊಂಡೇ ಕ್ಲೈಂಟ್ ಬಂದಿರ್ತಾರೆ, ಆದರೆ ಫೈವರ್ ನಿಮ್ಮ ಗಳಿಕೆಯಲ್ಲಿ ಶೇ 20 ಇಟ್ಟುಕೊಳ್ಳುತ್ತೆ, ಅಪ್‌ವರ್ಕ್‌ನಲ್ಲಿ ಅರ್ಜಿ ಹಾಕೋಕೂ ಕನೆಕ್ಟ್ಸ್ ಅನ್ನುವ ಟೋಕನ್‌ಗಳು ಖರ್ಚಾಗುತ್ತವೆ. ದರದ ಪೈಪೋಟಿಯೂ ಜಾಸ್ತಿ. ಶುರುವಿನಲ್ಲಿ ಒಂದೆರಡು ಕೆಲಸಕ್ಕೆ ಸರಿ.

ಲಿಂಕ್ಡ್‌ಇನ್‌ನಲ್ಲಿ ನಿಮಗೆ ತಾನಾಗಿ ಬರುವ ಮೆಸೇಜ್‌ಗಳಲ್ಲಿ ಹೆಚ್ಚಿನವು ಕಂಪನಿಗಳಿಗೆ ಜನ ಒದಗಿಸುವ ಸ್ಟಾಫಿಂಗ್ ಏಜೆನ್ಸಿಗಳದ್ದು. "ಅರ್ಜೆಂಟ್ ರಿಕ್ವೈರ್‌ಮೆಂಟ್, ಇಮ್ಮಿಡಿಯೆಟ್ ಜಾಯ್ನರ್, ಆರು ತಿಂಗಳ ಕಾಂಟ್ರಾಕ್ಟ್" ಅಂತಿರುತ್ತೆ. ಬೇಡವೇ ಬೇಡ ಅನ್ನಲ್ಲ, ಮನೆ ಬಾಡಿಗೆ ಕಟ್ಟಬೇಕಲ್ವಾ. ಆದರೆ ಸಿವಿ ಕಳಿಸುವ ಮೊದಲೇ ಮೂರು ವಿಷಯ ಕೇಳಿ: ಕೆಲಸ ನಿಜವಾಗಿ ಯಾವ ಕಂಪನಿಗೆ, ಏಜೆನ್ಸಿಯ ಪೇರೋಲ್‌ನಲ್ಲಿ ಇರಬೇಕಾ ಅಥವಾ ನಾನೇ ಬಿಲ್ ಕೊಡಬಹುದಾ, ದುಡ್ಡು ಎಷ್ಟು ದಿನಕ್ಕೆ ಬರುತ್ತೆ. 90 ದಿನ ಅಂದರೆ ಒಪ್ಪಬೇಡಿ. ಸಣ್ಣ ಉದ್ಯಮಗಳಿಗಾಗಿ ಸರ್ಕಾರ ನಡೆಸುವ ಉದ್ಯಮ್ ಪೋರ್ಟಲ್‌ನಲ್ಲಿ ಉಚಿತವಾಗಿ ನೋಂದಾಯಿಸಿಕೊಳ್ಳಿ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ನೋಂದಾಯಿತ ಕಿರು, ಸಣ್ಣ ಉದ್ಯಮಗಳಿಗೆ ಬರಬೇಕಾದ ಹಣವನ್ನು, ಒಪ್ಪಂದದಲ್ಲಿ ಏನೇ ಬರೆದಿದ್ದರೂ, 45 ದಿನದೊಳಗೆ ಕೊಡಲೇಬೇಕು, ತಡವಾದರೆ ಬಡ್ಡಿ ಸೇರಿಸಿ ಕೊಡಬೇಕು.

ಕೆಲಸ ಕೊಡುವ ಮೊದಲು ನಿಮ್ಮಿಂದಲೇ ದುಡ್ಡು ಕೇಳುವವರು, ಟ್ರೇನಿಂಗ್ ಫೀ, ಸೆಕ್ಯುರಿಟಿ ಡೆಪಾಸಿಟ್ ಅನ್ನುವವರು, ಮಾತು ಶುರುವಾದ ಕೂಡಲೇ ಟೆಲಿಗ್ರಾಮ್‌ಗೆ ಬನ್ನಿ ಅನ್ನುವವರು ಮೋಸಗಾರರು ಅಂತಲೇ ತಿಳಿಯಿರಿ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. "ಟೆಸ್ಟ್" ಅಂತ ಹೇಳಿ ಇಡೀ ಗೈಡ್ ಬರೆಸಿಕೊಳ್ಳುವವರೂ ಇದ್ದಾರೆ. ಒಂದು ಪುಟಕ್ಕಿಂತ ಹೆಚ್ಚಾದರೆ ಅದಕ್ಕೂ ದರ ಹೇಳಿ.

ಕೊನೆಗೆ, ಲಿಂಕ್ಡ್‌ಇನ್‌ನ ಪ್ರೀಮಿಯಮ್ (ದುಡ್ಡು ಕೊಟ್ಟರೆ ಕನೆಕ್ಟ್ ಆಗದವರಿಗೂ ಮೆಸೇಜ್ ಕಳಿಸಲು ಬಿಡುವ ಸದಸ್ಯತ್ವ) ಕೊಳ್ಳಬೇಕಾ ಅಂತಲೂ ಬಹಳ ಜನ ಕೇಳ್ತಾರೆ. ಈಗಲೇ ಬೇಡ. ಹಳೇ ಸಹೋದ್ಯೋಗಿಗಳನ್ನ ಹುಡುಕೋದು, ಕನೆಕ್ಟ್ ಆದವರಿಗೆ ಮೆಸೇಜ್ ಕಳಿಸೋದು ಎಲ್ಲ ಪುಕ್ಕಟೆಯೇ. ಆ ಪಟ್ಟಿ ಪೂರ್ತಿ ಮುಗಿಸಿ, ಆಮೇಲೂ ಪರಿಚಯವೇ ಇಲ್ಲದ ಒಂದು ನಿರ್ದಿಷ್ಟ ಕಂಪನಿಯ ಡಾಕ್ಯುಮೆಂಟೇಶನ್ ಮ್ಯಾನೇಜರ್‌ಗೆ ಬರೆಯಬೇಕು ಅನ್ನಿಸಿದರೆ ಆಗ ಒಂದು ತಿಂಗಳ ಮಟ್ಟಿಗೆ ಯೋಚಿಸಿ.